ನೋಡುವ ಕೆಲಸಕ್ಕೆ ಕನ್ನಡದಲ್ಲಿ ಕೂಲಿ ಇಲ್ಲವೇ?

ದಿಬ್ಬೂರಹಳ್ಳಿಯ ಬಸ್ ನಿಲ್ದಾಣದ ಸುತ್ತ ಒಂದು ಕಾಲಕ್ಕೆ ಇದ್ದ ಬೋರ್ಡುಗಳಲ್ಲಿ ಅರ್ಧಕ್ಕರ್ಧ ನನ್ನ ಸೋದರಮಾವ ಬರೆದವು. ಗೊಬ್ಬರದಂಗಡಿ, ರೇಷ್ಮೆಗೂಡಿನ ವ್ಯಾಪಾರಿಯ ಬಾಗಿಲು, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಯ ಬಸವ, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಗುರುತು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಗೋಡೆಗೆ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ನೇರ ಗೆರೆ ಮೂಡುತ್ತಿತ್ತು. ದಾರದ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ನಮ್ಮದು ಗಡಿಸೀಮೆ, ಕೆಲವರು ಕನ್ನಡದ ಕೆಳಗೆ ತೆಲುಗಿನಲ್ಲೂ ಬರೆಸುತ್ತಿದ್ದರು. ಎರಡು ಲಿಪಿಗಳ ತಲೆಕಟ್ಟಿನ ವ್ಯತ್ಯಾಸವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಮಾವನ ಬ್ರಷ್ಷಿನ ತಿರುವಿನಲ್ಲಿ.

ಫ್ಲೆಕ್ಸ್ ಬಂತು, ಮಾವನ ಕೆಲಸ ಹೋಯಿತು. ಅಷ್ಟರಲ್ಲಿ ನಾನು ಬೆಂಗಳೂರಿಗೆ ಹೋಗಿ ಕಲಾ ಇತಿಹಾಸ ಓದಿ, ಆ ಬೋರ್ಡುಗಳ ಮೇಲೆಯೇ ಪ್ರಬಂಧ ಬರೆದೆ. ಇಂಗ್ಲಿಷಿನಲ್ಲಿ. ಬೈಂಡ್ ಮಾಡಿಸಿದ ಪ್ರತಿಯೊಂದನ್ನು ಮಾವನ ಕೈಗಿಟ್ಟೆ. ಫೋಟೋಗಳನ್ನೆಲ್ಲ ನೋಡಿದ. ಆಮೇಲೆ, "ನಾನು ಬರ್ದಿದ್ದನ್ನ ಊರೆಲ್ಲಾ ಓದ್ತಿತ್ತು. ನನ್ನ ಮೇಲೆ ನೀನು ಬರ್ದಿರೋದನ್ನ ನಾನೇ ಓದಕ್ಕಾಗಲ್ವಲ್ಲಪ್ಪಾ" ಅಂದ. ಕೋಪವಿರಲಿಲ್ಲ ಅವನ ದನಿಯಲ್ಲಿ. ಅದೇ ಕಷ್ಟವಾದದ್ದು.

ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ನನ್ನೊಬ್ಬನದಲ್ಲ.

ದೃಶ್ಯ ಸಂಸ್ಕೃತಿಯ ಅಧ್ಯಯನ ಎಂದರೆ ಗ್ಯಾಲರಿಯ ಚಿತ್ರಗಳ ಅಧ್ಯಯನ ಮಾತ್ರವಲ್ಲ. ಕ್ಯಾಲೆಂಡರಿನ ಲಕ್ಷ್ಮಿ, ಸಿನಿಮಾ ಪೋಸ್ಟರು, ಲಾರಿಯ ಮೇಲಿನ ಹದ್ದು, ಊರಾಚೆಯ ವೀರಗಲ್ಲು, ಸರ್ಕಲ್ಲಿನ ಅಂಬೇಡ್ಕರ್ ಪ್ರತಿಮೆ: ಇವನ್ನು ಯಾರು ಮಾಡಿದರು, ಯಾರು ದುಡ್ಡು ಕೊಟ್ಟರು, ಯಾರು ನೋಡಲಿ ಎಂದು ಅಲ್ಲಿ ನಿಲ್ಲಿಸಿದರು ಎಂದು ಕೇಳುವುದು. ಕ್ಯುರೇಟರ್ ಆದವನು ಅದೇ ಪ್ರಶ್ನೆಯನ್ನು ವಸ್ತುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳುತ್ತಾನೆ. ನಮ್ಮಲ್ಲಿ ಅವನೆಂದರೆ ಮೊಳೆ ಹೊಡೆಸಿ, ದೀಪ ಹಚ್ಚಿಸಿ, ಮುಖ್ಯ ಅತಿಥಿಗೆ ಹಾರ ತರಿಸುವವನು. ಒಂದು ಕಾಲೇಜಿನ ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನೀವು ಡ್ರಾಯಿಂಗ್ ಮೇಷ್ಟ್ರೋ, ಹಿಸ್ಟರಿ ಮೇಷ್ಟ್ರೋ?

ಈ ದಾರಿಯಲ್ಲಿ ನಡೆದವರು ಇಲ್ಲವೆಂದಲ್ಲ. ಸುರೇಶ್ ಜಯರಾಮ್ ಅವರನ್ನೇ ನೋಡಿ. ಚಿತ್ರಕಲಾ ಪರಿಷತ್ತಿನಲ್ಲೂ ಬರೋಡದಲ್ಲೂ ಓದಿ, ಪರಿಷತ್ತಿನ ಕಾಲೇಜಿನಲ್ಲಿ ಕಲಾ ಇತಿಹಾಸ ಕಲಿಸಿದವರು. ಶಾಂತಿನಗರದಲ್ಲಿ ಅವರು ಕಟ್ಟಿದ 'ಒನ್ ಶಾಂತಿರೋಡ್' ಮನೆಯೂ ಹೌದು, ಸ್ಟುಡಿಯೋವೂ ಹೌದು, ಗ್ಯಾಲರಿಯೂ ಹೌದು. ಎಲ್ಲೆಲ್ಲಿಂದಲೋ ಬಂದ ಕಲಾವಿದರು ಎರಡು ದಶಕಗಳಿಂದ ಅಲ್ಲಿ ತಂಗಿ ಕೆಲಸ ಮಾಡುತ್ತಿದ್ದಾರೆ. 2021ರಲ್ಲಿ ಅವರು ಲಾಲ್‌ಬಾಗಿನ ಮೇಲೆ ತಂದ ಪುಸ್ತಕ ತೋಟವನ್ನೂ ನಗರವನ್ನೂ ಒಟ್ಟಿಗೆ ಓದುತ್ತದೆ. ಹೀಗೊಂದು ವೃತ್ತಿಜೀವನ ಕಟ್ಟಿಕೊಳ್ಳಲು ಒಬ್ಬ ಮನುಷ್ಯ ತನ್ನ ಮನೆಯನ್ನೇ ಸಂಸ್ಥೆಯಾಗಿಸಬೇಕಾಯಿತು. ಪುಸ್ತಕ ಬಂದದ್ದು ಇಂಗ್ಲಿಷಿನಲ್ಲಿ. ಅವರನ್ನು ದೂರುತ್ತಿಲ್ಲ, ಕನ್ನಡದಲ್ಲಿ ಬರೆಯಿರಿ ಎಂದು ಬಾಗಿಲು ತಟ್ಟಿದವರು ಎಷ್ಟು ಮಂದಿ?

ಇನ್ನೊಂದು ಉದಾಹರಣೆ ನಮ್ಮ ಊರಿಗೆ ಇನ್ನೂ ಹತ್ತಿರದ್ದು. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಆವಲಗುರ್ಕಿ ಬಳಿ 112 ಅಡಿಯ ಆದಿಯೋಗಿ ಅನಾವರಣವಾಯಿತು. ನಮ್ಮೂರಿನವರೂ ಹೋಗುತ್ತಾರೆ, ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಇಂಥ ದೈತ್ಯಮೂರ್ತಿಗಳು ಈ ಕೆಲವು ದಶಕಗಳಲ್ಲೇ ಯಾಕೆ ಎದ್ದವು? ಸಿಮೆಂಟು, ಕಾರು, ಹೆದ್ದಾರಿ, ಭೂಮಿಯ ಬೆಲೆ, ಸಾರ್ವಜನಿಕ ಜಾಗದಲ್ಲಿ ತಮ್ಮ ಪ್ರತಿಮೆಯನ್ನೂ ನಿಲ್ಲಿಸಬೇಕೆಂಬ ದಲಿತರ ಹಕ್ಕೊತ್ತಾಯ, ಇವೆಲ್ಲವನ್ನೂ ಹೆಣೆದು ಕಜ್ರಿ ಜೈನ್ 2021ರಲ್ಲಿ ಒಂದು ಪುಸ್ತಕ ಬರೆದರು. ನಮ್ಮ ಮುರುಡೇಶ್ವರದ ಶಿವ, ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಶಿವ ಅದರಲ್ಲಿದ್ದಾರೆ. ಈ ಎರಡೂ ಮೂರ್ತಿಗಳನ್ನು ಮಾಡಿದವರು ಶಿವಮೊಗ್ಗದ ಶಿಲ್ಪಿ ಕಾಶೀನಾಥ್. ಶಿಲ್ಪಿ ನಮ್ಮವರು, ಶಿವ ನಮ್ಮವನು, ನೋಡುವವರೂ ನಾವೇ. ಓದಬೇಕಾದರೆ ಮಾತ್ರ ಟೊರೊಂಟೊದಲ್ಲಿ ಪಾಠ ಮಾಡುವ ವಿದ್ವಾಂಸರ ಇಂಗ್ಲಿಷ್ ಪುಸ್ತಕ ತರಿಸಬೇಕು. ಕನ್ನಡದಲ್ಲಿ ಅದರ ಒಂದು ಪುಟದ ವಿಮರ್ಶೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕನ್ನಡಕ್ಕೆ ಶಕ್ತಿ ಸಾಲದು, ಪರಿಭಾಷೆ ಇಲ್ಲ ಎನ್ನುತ್ತೀರಾ? ಶಿವರಾಮ ಕಾರಂತರು ಚಿತ್ರ, ಶಿಲ್ಪಗಳ ಮೇಲೆ ಪುಸ್ತಕಗಳನ್ನೇ ಬರೆದರು. ಎಚ್.ಎ. ಅನಿಲ್ ಕುಮಾರ್ ಇವತ್ತಿಗೂ ಕನ್ನಡದಲ್ಲಿ ಕಲಾಬರಹ ಮಾಡುತ್ತಿದ್ದಾರೆ. ಪರಿಭಾಷೆ ಬೇಕಾದವರು ಮಾವನ ಹತ್ತಿರ ಬರಲಿ. ಅಕ್ಷರದ ಹೊಟ್ಟೆ, ಸೊಂಟ, ಬಾಲ, ನೆರಳು, ಎಲ್ಲಕ್ಕೂ ಅವನಲ್ಲಿ ಮಾತಿದೆ. ಇಲ್ಲದಿರುವುದು ಸಂಪಾದಕರ ಆಸೆ. ನಮ್ಮ ಸಾಹಿತ್ಯ ಪತ್ರಿಕೆಗಳು ಕತೆಯೊಂದನ್ನು ಹತ್ತು ವರ್ಷ ಚರ್ಚಿಸುತ್ತವೆ. ಆ ಕತೆಯ ನೆತ್ತಿಯ ಮೇಲೆ ಕೂತ ರೇಖಾಚಿತ್ರ ಬರೆದವರ ಹೆಸರನ್ನು ಇರುವೆಗಾತ್ರದ ಅಕ್ಷರದಲ್ಲಿ ಹಾಕಿ ಕೈತೊಳೆದುಕೊಳ್ಳುತ್ತವೆ, ಕೆಲವೊಮ್ಮೆ ಅದೂ ಇಲ್ಲ. ಈ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ವಿದ್ಯಾರ್ಥಿಗಳು ಪತ್ರ ಬರೆದು ಕೇಳುತ್ತಾರೆ: ಸಾರ್, ಈ ಲೈನಿಗೆ ಬಂದರೆ ಹೊಟ್ಟೆ ತುಂಬುತ್ತದೆಯೇ? ಕನ್ನಡದಲ್ಲಿ ಇದ್ದುಕೊಂಡು, ಇಲ್ಲ. ನಾನೂ ವಾರಕ್ಕೆ ನಾಲ್ಕು ದಿನ ಬೇರೊಬ್ಬರ ಕಂಪನಿಗೆ ಇಂಗ್ಲಿಷ್ ಜಾಹೀರಾತು ಬರೆದೇ ಬದುಕುತ್ತಿದ್ದೇನೆ. ಹಾಗೆಂದು ಬರಬೇಡಿ ಎನ್ನಲು ಬಾಯಿ ಬರುವುದಿಲ್ಲ. ಇತಿಹಾಸ, ಸಾಹಿತ್ಯ ಓದುವವರೇ ತಮ್ಮ ತಮ್ಮ ಪೇಟೆಬೀದಿಯಿಂದ ಶುರುಮಾಡಬಹುದು. ಸಂಪಾದಕರು ಅಂಥ ಬರಹಕ್ಕೆ ಪುಟ ಕೊಡಲಿ, ಕವಿತೆಗೆ ಕೊಡುವಷ್ಟಾದರೂ ಸಂಭಾವನೆ ಕೊಡಲಿ, ಫೋಟೋ ಅಚ್ಚಾಗುವಾಗ ಗೋಡೆ ಬರೆದವನ ಹೆಸರು ಹಾಕಲಿ.

ಪ್ರಬಂಧವನ್ನು ಈಗ ಕನ್ನಡದಲ್ಲಿ ಹೊಸದಾಗಿ ಬರೆಯುತ್ತಿದ್ದೇನೆ. ಭಾನುವಾರ ಊರಿಗೆ ಹೋಗಿ ಬರೆದಷ್ಟನ್ನು ಮಾವನಿಗೆ ಓದಿ ಹೇಳುತ್ತೇನೆ. ಮೊದಲ ಅಧ್ಯಾಯದಲ್ಲೇ ಮೂರು ತಪ್ಪು ಹಿಡಿದ: ನಾನು ಸಿನಿಮಾ ಪೋಸ್ಟರಿನ ಪ್ರಭಾವ ಎಂದು ಎರಡು ಪುಟ ಬರೆದಿದ್ದ ಕೆಂಪು ನೆರಳು, ಅವತ್ತು ಕಪ್ಪು ಬಣ್ಣ ಮುಗಿದಿದ್ದರಿಂದ ಬಂದದ್ದಂತೆ. ಅವನ ಬೋರ್ಡುಗಳಲ್ಲಿ ಊರಲ್ಲಿ ಈಗ ಉಳಿದಿರುವುದು ಎರಡು. ಗೊಬ್ಬರದಂಗಡಿಯ ಗೋಡೆಗೆ ಯುಗಾದಿಯ ಹೊತ್ತಿಗೆ ಸುಣ್ಣ ಹೊಡೆಸುತ್ತಾರಂತೆ.