ಉಪ್ಪು ತಿಂದ ಯಂತ್ರ

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟು ಬಾರಿ ವಿವರಿಸಿದ್ದೇನೋ ಲೆಕ್ಕವಿಲ್ಲ. ತಪ್ಪು ಮಾಡಿದವನು ಅದರ ಫಲವನ್ನು ಉಣ್ಣಲೇಬೇಕೆಂದು ಅರ್ಥ ಹೇಳಿ, ಒಂದೆರಡು ಉದಾಹರಣೆಗಳನ್ನು ಕೊಟ್ಟು, ಮುಂದಿನ ಗಾದೆಗೆ ಸಾಗುವುದು ನನ್ನ ಪದ್ಧತಿ. ಆ ಗಾದೆಗೆ ಅಕ್ಷರಶಃ ಇನ್ನೊಂದು ಅರ್ಥವೂ ಉಂಟೆಂದು ನನಗೆ ತಿಳಿದುದು ಒಂದು ದೋಣಿಯ ಯಂತ್ರದಿಂದ. ಅಂದು ನನಗೆ ಪಾಠ ಹೇಳಿದ ಗುರು ಐದನೆಯ ತರಗತಿಗೇ ಶಾಲೆಯನ್ನು ಬಿಟ್ಟ ಒಬ್ಬ ಮೆಕ್ಯಾನಿಕ್.

2018ರ ಅಕ್ಟೋಬರ್ ತಿಂಗಳು. ನಾನಾಗ ಕುಂದಾಪುರದ ಕಡೆ ಉಪನ್ಯಾಸಕನಾಗಿದ್ದೆ. ಗಂಗೊಳ್ಳಿಯ ಅಳಿವೆಯನ್ನು ಕಂಡ ವಾಚಕರಿಗೆ ಅದರ ಗುಣ ಗೊತ್ತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಒಂದಾಗಿ ಕಡಲನ್ನು ಸೇರುವ ಜಾಗವದು. ನೋಡುವವರ ಕಣ್ಣಿಗೆ ಹಬ್ಬ. ದೋಣಿ ನಡೆಸುವವನಿಗೆ ಪ್ರತಿದಿನದ ಪರೀಕ್ಷೆ. ಅಂತಿಮ ಬಿ.ಎ. ತರಗತಿಯಲ್ಲಿದ್ದ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಒಂದು ಮಧ್ಯಾಹ್ನ ನಾಡದೋಣಿಯಲ್ಲಿ ಹಿಂದಿರುಗುತ್ತಿದ್ದಾಗ, ಆ ಅಳಿವೆಯ ಬಾಯಲ್ಲಿಯೇ ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿ ಯಂತ್ರ ನಿಂತುಬಿಟ್ಟಿತು. ಯಂತ್ರ ನಿಂತ ದೋಣಿ ಅಲೆಗೆ ಅಡ್ಡಲಾಯಿತು. ಅಡ್ಡಲಾದ ದೋಣಿ ಮಗುಚಿತು. ದೋಣಿಯಲ್ಲಿದ್ದ ಮೂವರೂ ಈಜಿ ದಡ ಸೇರಿದರು. ಎರಡು ಗಂಟೆಗಳ ತರುವಾಯ ನೆರೆಯವರ ದೋಣಿ ಇದನ್ನು ಎಳೆದು ತಂದಿತು. ಹಗ್ಗದಿಂದ ಬಿಗಿದಿದ್ದುದರಿಂದ ಯಂತ್ರವೂ ಜೊತೆಗೇ ಬಂದಿತು.

ಸುದ್ದಿ ಕೇಳಿ ನಾನು ಸಂಜೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಮುಚ್ಚಳ ತೆಗೆದಿಟ್ಟ ಯಂತ್ರ ಮಲಗಿತ್ತು. ಸುತ್ತಲೂ ಮನೆಯವರು ಮೌನವಾಗಿ ಕುಳಿತಿದ್ದರು. ಹಿಂದಿನ ವರ್ಷವಷ್ಟೇ ಮನೆಯಾಕೆಯ ಬಳೆಗಳನ್ನು ಅಡವಿಟ್ಟು ಕೊಂಡ ಯಂತ್ರವದು. ಸಾಲ ಅರ್ಧವೂ ತೀರಿರಲಿಲ್ಲ. “ಇದು ಹೋದ್ರೆ ಇವ ಬೆಂಗಳೂರಿಗೆ ಹೋಟೆಲ್ ಕೆಲ್ಸಕ್ಕೆ ಹೋಗೂದೇ ಸೈ, ಮೇಷ್ಟ್ರೇ” ಎಂದು ತಂದೆ ಮಗನ ಕಡೆ ನೋಡದೆ ನುಡಿದರು. ಪರೀಕ್ಷೆಗೆ ಐದೇ ತಿಂಗಳುಗಳಿದ್ದುವು. ಹುಡುಗನ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸೀಮೆಎಣ್ಣೆಯ ಡಬ್ಬಿ.

ನಾನು ಕನ್ನಡದ ಎಂ.ಎ. ಆದರೂ, ಸಲಹೆ ಕೊಡುವ ವಿಷಯದಲ್ಲಿ ಸರ್ವಶಾಸ್ತ್ರ ಪಾರಂಗತ. “ಚೆನ್ನಾಗಿ ಒರಸು, ಒಳಕ್ಕೆ ಸೀಮೆಎಣ್ಣೆ ಹಾಕು, ನಾಳೆ ಬಿಸಿಲಿನಲ್ಲಿ ಇಡು” ಎಂದೆ. ನೀರಿನಲ್ಲಿ ನೆನೆದುದನ್ನು ಒಣಗಿಸಬೇಕೆಂಬುದು ಮಕ್ಕಳಿಗೂ ತಿಳಿದ ವಿಚಾರವಲ್ಲವೇ?

ಅಷ್ಟರಲ್ಲಿ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದ ಮೆಕ್ಯಾನಿಕ್ ದೂರವಾಣಿಗೆ ಸಿಕ್ಕಿದ. ನನ್ನ ಸಲಹೆಯನ್ನು ಕೇಳಿ ಆತ ಕೂಗಿಯೇ ಬಿಟ್ಟ: “ಒಣಗ್ಸಬೇಡಿ ಮೇಷ್ಟ್ರೇ! ಹಗ್ಗ ಎಳೀಲೂಬೇಡಿ! ಇಡೀ ಮಶೀನನ್ನ ಬಾವಿನೀರಲ್ಲಿ ಮುಳುಗ್ಸಿ ಇಡಿ. ನಾ ಬೆಳಿಗ್ಗೆ ಬತ್ತೆ.”

ಮುಳುಗಿ ಕೆಟ್ಟುದನ್ನು ಮತ್ತೆ ಮುಳುಗಿಸುವುದೇ! ಮನೆಯಾಕೆ ಸೆರಗಿನಿಂದ ಕಣ್ಣೊರಸಿಕೊಂಡರು. ಆದರೂ ಬೇರೆ ದಾರಿಯಿರಲಿಲ್ಲ. ದೊಡ್ಡ ಡ್ರಮ್ಮಿಗೆ ಬಾವಿಯಿಂದ ಸೇದಿ ಸೇದಿ ನೀರು ತುಂಬಿದೆವು. ಒಮ್ಮೆ ತುಂಬಿದ ನೀರಿನಲ್ಲಿ ಯಂತ್ರವನ್ನು ಜಾಲಿಸಿ ಅದನ್ನು ಚೆಲ್ಲಿ, ಹೊಸ ನೀರು ತುಂಬಿ, ಅದರಲ್ಲಿ ಇಳಿಸಿದೆವು. ಆ ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಬಂದ ಮೆಕ್ಯಾನಿಕ್ ಕೆಲಸ ಮಾಡುತ್ತಲೇ ನನ್ನ ಸಂಶಯಗಳನ್ನು ಒಂದೊಂದಾಗಿ ಪರಿಹರಿಸಿದ. ಅವನ ಮಾತಿಗೆ ನನ್ನ ಓದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತೇನೆ.

ಕಬ್ಬಿಣ ತುಕ್ಕು ಹಿಡಿಯಲು ನೀರು, ಗಾಳಿಯ ಆಮ್ಲಜನಕ, ಎರಡೂ ಬೇಕು. ನೀರಿನೊಳಗೆ ಇರುವಷ್ಟು ಹೊತ್ತು ಆಮ್ಲಜನಕದ ಪೂರೈಕೆ ಅಲ್ಪ. ಮೇಲಕ್ಕೆ ಎತ್ತಿದ ಕ್ಷಣದಿಂದ ಎರಡೂ ಯಥೇಚ್ಛ. ಜೊತೆಗೆ ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲ್ಯುಮಿನಿಯಮ್ಮಿನ ಮೈಮೇಲೆ ಸಹಜವಾಗಿ ಇರುವ ತೆಳುವಾದ ರಕ್ಷಾಪದರವನ್ನು ಈ ಉಪ್ಪು ತೂತುಮಾಡುತ್ತದೆ. ಉಕ್ಕೂ ಅಲ್ಯುಮಿನಿಯಮ್ಮೂ ತಾಗಿರುವೆಡೆಯಲ್ಲಿ ಪುಟ್ಟ ವಿದ್ಯುತ್ಕೋಶವನ್ನೇ ನಿರ್ಮಿಸಿ ಲೋಹವನ್ನು ತಿನ್ನುತ್ತದೆ. ನೀರು ಆರಿದರೂ ಉಪ್ಪು ಆರಿಹೋಗುವುದಿಲ್ಲ. ಕರಾವಳಿಯ ತೇವದ ಗಾಳಿಯಿಂದ ಅದು ಮತ್ತೆ ಮತ್ತೆ ನೀರನ್ನು ಹೀರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಪಸೆಯೊಡೆಯುವುದನ್ನು ಕಂಡ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸೀಮೆಎಣ್ಣೆ ಏಕೆ ಕೂಡದು? ಒಗ್ಗರಣೆಯ ಎಣ್ಣೆಯಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಎಷ್ಟು ಕಲಕಿದರೂ ಅದು ಕರಗದು. ಸೀಮೆಎಣ್ಣೆಯೂ ಹಾಗೆಯೇ. ಅದು ಉಪ್ಪನ್ನು ತೆಗೆಯುವುದಿಲ್ಲ, ಮೇಲೆ ಹೊದಿಕೆ ಹೊದಿಸಿ ಮುಚ್ಚಿಡುತ್ತದೆ, ಅಷ್ಟೆ. ಉಪ್ಪನ್ನು ಕರಗಿಸುವುದು ಸಿಹಿನೀರೊಂದೇ. ಸಿಹಿನೀರನ್ನು ತನ್ನೊಡನೆ ಬೆರೆಸಿಕೊಂಡು ಹೊರಗೆ ಒಯ್ಯುವುದು ಸ್ಪಿರಿಟ್. ಒಣಗಿದ ಲೋಹವನ್ನು ಕಾಯುವುದು ಎಣ್ಣೆ. ಮೊದಲು ಸಿಹಿನೀರು, ಆಮೇಲೆ ಸ್ಪಿರಿಟ್, ಕಡೆಗೆ ಎಣ್ಣೆ. ಪದಗಳು ಅದಲುಬದಲಾದರೆ ಸಮಾಸ ಕೆಡುವಂತೆ, ಈ ಕ್ರಮ ತಪ್ಪಿದರೆ ಯಂತ್ರ ಕೆಡುತ್ತದೆ.

ಹಗ್ಗವನ್ನು ಎಳೆಯಬಾರದೇಕೆ? ಸಿಲಿಂಡರಿನಲ್ಲಿ ಗಾಳಿಯಿದ್ದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಬಲ್ಲದು, ನೀರಿದ್ದರೆ ಕುಗ್ಗಿಸಲಾರದು. ಬಲವಂತ ಮಾಡಿದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗೀತು. ಓಡುತ್ತಿರುವಾಗಲೇ ನೀರು ಕುಡಿದ ಯಂತ್ರಕ್ಕೆ ಈ ಗಂಡಾಂತರ ಹೆಚ್ಚು. ಇಂಧನದ ಕಸದಿಂದ ನಮ್ಮ ಯಂತ್ರ ಮೊದಲೇ ನಿಂತಿದ್ದುದು ದೋಣಿಯನ್ನು ಮಗುಚಿಸಿತು ನಿಜ. ಯಂತ್ರವನ್ನು ಉಳಿಸಿದ್ದೂ ಅದೇ.

ಮೆಕ್ಯಾನಿಕ್ ಎರಡು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಒಳಗೆಲ್ಲ ಸಿಹಿನೀರು ಹಾಯಿಸಿ, ಮರಳಿನ ಕಣವೇನಾದರೂ ಇದೆಯೋ ಎಂದು ಬೆರಳಿನಿಂದ ತಡವಿದ. ಮರಳಿದ್ದರೆ ತಿರುಗಿಸುವಂತೆಯೇ ಇಲ್ಲ, ಇಡೀ ಯಂತ್ರವನ್ನು ಬಿಚ್ಚಬೇಕು. ಬಳಿಕ ಪ್ಲಗ್ಗಿನ ರಂಧ್ರಗಳು ಕೆಳಮುಖವಾಗುವಂತೆ ಯಂತ್ರವನ್ನು ಮಲಗಿಸಿ ಫ್ಲೈವ್ಹೀಲಿಗೆ ಕೈ ಹಾಕಿದ. ಎಲ್ಲರೂ ಉಸಿರು ಬಿಗಿಹಿಡಿದೆವು. ಎಲ್ಲಿಯೂ ತಡೆಯದೆ ಅದು ಒಂದು ಪೂರ್ಣ ಸುತ್ತು ತಿರುಗಿತು. ರಂಧ್ರಗಳಿಂದ ನೀರು ಬುಳಬುಳನೆ ಹೊರಬಿತ್ತು. ಅಪಘಾತದ ಅನಂತರ ತಂದೆಯ ಮುಖದಲ್ಲಿ ಗೆಲವನ್ನು ಕಂಡುದು ಅದೇ ಮೊದಲು.

ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದದ್ದಾಯಿತು. ಟ್ಯಾಂಕಿನ ಹಳೆಯ ಇಂಧನವನ್ನು ಪೂರ್ತಿ ತೆಗೆದದ್ದಾಯಿತು. ಸ್ಪಿರಿಟ್ ಸುರಿಯುವ ಮುನ್ನ ಆತ ನೆರೆಯವರೊಬ್ಬರ ಬೀಡಿಯನ್ನು ಆರಿಸಿದ, ತನ್ನದನ್ನೂ ಆರಿಸಿದ. ಇದು ಟೂ ಸ್ಟ್ರೋಕ್ ಯಂತ್ರ; ಇದಕ್ಕೆ ಪ್ರತ್ಯೇಕವಾದ ಎಣ್ಣೆಯ ತೊಟ್ಟಿಯಿಲ್ಲ. ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಬೇರಿಂಗುಗಳಿಗೆ ಆಧಾರ. ಆದುದರಿಂದ ಸಿಲಿಂಡರುಗಳಿಗೆ ಎಣ್ಣೆ ಎರೆದು, ಹೊಸ ಪೆಟ್ರೋಲಿಗೂ ಎಂದಿನ ಎರಡರಷ್ಟು ಎಣ್ಣೆ ಬೆರೆಸಿದ. ಫೋರ್ ಸ್ಟ್ರೋಕ್ ಆಗಿದ್ದರೆ ತೊಟ್ಟಿಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುತ್ತಿತ್ತಂತೆ. ಅದು ತಿಳಿಯಾಗುವ ತನಕ ಮತ್ತೆ ಮತ್ತೆ ಬದಲಿಸಬೇಕಂತೆ.

ಯಂತ್ರವನ್ನು ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿ ಹಗ್ಗ ಎಳೆದರು. ಒಂದು, ಎರಡು, ಹತ್ತು, ಸದ್ದಿಲ್ಲ. ಪ್ಲಗ್ಗುಗಳನ್ನು ಮತ್ತೆ ಒರಸಿ ಹಾಕಿದರು. ಹದಿನಾಲ್ಕನೆಯ ಎಳೆತಕ್ಕೆ ಅದು ಒಮ್ಮೆ ಕೆಮ್ಮಿ, ಅಂಗಳದ ತುಂಬ ಬಿಳಿಯ ಹೊಗೆ ಕಾರಿ, ಗುಡುಗತೊಡಗಿತು. ಮನೆಯಾಕೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ಮೆಕ್ಯಾನಿಕ್ ಮಾತ್ರ ನಗಲಿಲ್ಲ. ಬಿಸಿಗೆ ಒಳಗಿನ ತೇವವೆಲ್ಲ ಹೋಗಲೆಂದು ಒಂದು ಗಂಟೆ ಹೊತ್ತು ಓಡಿಸಿ, ಗೇರಿನ ಎಣ್ಣೆಯನ್ನೂ ಬದಲಿಸಿ, ತನ್ನ ಕೂಲಿಯನ್ನು ಎಣಿಸಿಕೊಂಡು ಹೊರಟ.

ದೋಣಿಯ ಹಿಂಬದಿಗೆ ತಗುಲಿಸುವ ಇಂಥ ಯಂತ್ರವನ್ನು ಜನಪ್ರಿಯಗೊಳಿಸಿದಾತ ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬಾಳಿದ ಓಲೆ ಎವಿನ್‌ರೂಡ್. 1909ರಲ್ಲಿ ಮಿಲ್ವಾಕಿ ನಗರದಲ್ಲಿ ಆತ ಅದರ ವ್ಯಾಪಾರವನ್ನು ಆರಂಭಿಸಿದ. ಪ್ರೇಯಸಿಗಾಗಿ ಸರೋವರದಾಚೆಯಿಂದ ಐಸ್‌ಕ್ರೀಂ ತರುವಾಗ, ಹುಟ್ಟು ಹಾಕಿ ದಡ ಸೇರುವಷ್ಟರಲ್ಲಿ ಅದು ಕರಗಿದ್ದರಿಂದ ಈ ಯೋಚನೆ ಹೊಳೆಯಿತೆಂದು ಕಥೆ ಹೇಳುತ್ತಾರೆ. ಅಲ್ಲಿ ಕರಗಿದ್ದು ಐಸ್‌ಕ್ರೀಂ. ಇಲ್ಲಿ ಕರಗಬೇಕಾದದ್ದು ಉಪ್ಪು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡಿಸೆಂಬರಿನಲ್ಲಿ ಹಗ್ಗದ ಸ್ಟಾರ್ಟರಿನೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಯಿತು. ಅಂದು ಬಿಚ್ಚಿ ತೊಳೆಯಲು ಮರೆತ ಒಂದೇ ಒಂದು ಭಾಗವದು. ಹೊಸ ಸ್ಪ್ರಿಂಗಿಗೆ ಹೆಚ್ಚೇನೂ ಖರ್ಚಾಗಲಿಲ್ಲ. ಎರಡು ಗಂಟೆ ಕಡಲಿನಲ್ಲಿದ್ದ ಉಪ್ಪು ಎರಡು ತಿಂಗಳು ಅಡಗಿ ಕುಳಿತಿದ್ದುದನ್ನು ಕಂಡು ನನಗೆ ಮಾತ್ರ ಆಶ್ಚರ್ಯವಾಯಿತು.

ಬೆಂಗಳೂರು, ಮೈಸೂರುಗಳ ವಾಚಕರ ಮನೆಯಲ್ಲಿ ದೋಣಿಯ ಯಂತ್ರ ಇರಲಾರದು. ಆದರೆ ರಜೆಗೆ ಕಡಲ ತೀರಕ್ಕೆ ಹೋಗಿ, ಅಲೆಯಂಚಿನಲ್ಲಿ ವಾಹನ ಓಡಿಸಿ ಬರುವವರು ಅನೇಕರು. ಮನೆಗೆ ಬಂದೊಡನೆ ಬಟ್ಟೆಯಿಂದ ಒರಸಿ ಸುಮ್ಮನಾಗಬೇಡಿ. ಅಡಿಭಾಗಕ್ಕೂ ಧಾರಾಳವಾಗಿ ಸಿಹಿನೀರು ಹಾಯಿಸಿ.

ಲವಣದಿಂದಲೇ ಲಾವಣ್ಯವೆಂಬ ಮಾತು ಬಂದಿತೆಂದು ನಾನು ಪಾಠ ಹೇಳುವುದುಂಟು. ಆ ಸೋಮವಾರ ತರಗತಿಯಲ್ಲಿ ಅದೇ ಮಾತು ಬಂದಾಗ ಮೂರನೆಯ ಬೆಂಚಿನಿಂದ ಒಂದು ಸಣ್ಣ ನಗು ಕೇಳಿಸಿತು. ಉಗುರುಗಳಲ್ಲಿ ಇನ್ನೂ ಎಣ್ಣೆಯ ಕಪ್ಪು ಉಳಿದಿದ್ದ ಹುಡುಗ ಅಲ್ಲಿ ಕುಳಿತಿದ್ದ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿ, ಪಾಠವನ್ನು ಮುಂದುವರಿಸಿದೆ.