ಬೀಟಾ ಅಂತ ಬೈಯೋ ಮುಂಚೆ ಒಮ್ಮೆ ಅಳೀರಿ

ನಮ್ಮ ಹಾಸ್ಟೆಲ್ ವಾಟ್ಸಾಪ್ ಗ್ರೂಪಿಗೆ ಈ ಸೆಮಿಸ್ಟರ್‌ನಲ್ಲಿ ಹೊಸದೊಂದು ಬೈಗುಳ ಸೇರಿದೆ: ಬೀಟಾ. ವಿಡಿಯೋ ಸುತ್ತುತ್ತಾ ನಿಂತರೆ ಬೀಟಾ. ಆನ್‌ಲೈನ್ ಟೆಸ್ಟ್ ಮಧ್ಯೆ ಹೊರಗೆ ತಳ್ಳಿದರೆ ಬೀಟಾ. ಮೊನ್ನೆ ಒಬ್ಬ ಮೆಸ್ಸಿನ ಸಾಂಬಾರ್ ನೀರಾಗಿದೆ ಅನ್ನೋಕೂ ‘ಬೀಟಾ ಸಾಂಬಾರ್ ಮಗಾ’ ಅಂತ ಹಾಕಿದ್ದ. ಐವತ್ತು ಜನ ನಗುವ ಇಮೋಜಿ ಒತ್ತಿದರು.

ಹಿನ್ನೆಲೆ ಗೊತ್ತಿಲ್ಲದ ಫಸ್ಟ್ ಇಯರ್‌ನವರಿಗೆ ಎರಡು ಮಾತು. ರಜೆಯಲ್ಲಿ ಹಾಸ್ಟೆಲಿನ ಎಲ್ಲ ಆಕ್ಸೆಸ್ ಪಾಯಿಂಟ್‌ಗಳಿಗೂ (ಕಾರಿಡಾರಿನ ಸೀಲಿಂಗ್‌ನಲ್ಲಿ ದೀಪ ಉರಿಸಿಕೊಂಡು ಕೂತಿರೋ ಬಿಳಿ ತಟ್ಟೆಗಳು) ಹೊಸ ಫರ್ಮ್‌ವೇರ್ ಹಾಕಿದರು. ಅದು ಕಂಪನಿಯೇ ಇನ್ನೂ ಪರೀಕ್ಷೆ ಮಾಡುತ್ತಿರೋ ಬೀಟಾ ಆವೃತ್ತಿ. ನಡೆದಾಡುವಾಗ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕನೆಕ್ಷನ್ ಕಡಿಯದೆ ದಾಟಿಸೋ ಕೆಲಸ ಅದರಲ್ಲಿ ಸುಧಾರಿಸಿದೆಯಂತೆ, ಅದಕ್ಕೇ ಹಾಕಿದ್ದಂತೆ. ಹಾಕೋ ಮುಂಚೆ ನಮಗೆ ಹೇಳಲಿಲ್ಲ, ಹಾಕಿದ ಮೇಲೂ ಹೇಳಲಿಲ್ಲ. ಒಬ್ಬ ಸೀನಿಯರ್ ಹೋಗಿ ಕೇಳಿದ್ದಕ್ಕೆ ವಿಷಯ ಹೊರಬಿತ್ತು.

ಹೇಳದೆ ಕೇಳದೆ, ಇಡೀ ಕಟ್ಟಡಕ್ಕೆ ಒಂದೇ ಏಟಿಗೆ ಬೀಟಾ ಹಾಕಿದ್ದು ತಪ್ಪು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಆಮೇಲೆ ನಾವು ಮಾಡಿದ್ದು ಏನು? ‘ನೆಟ್ ಸ್ಲೋ’ ಅಂತ ಮುನ್ನೂರು ಮೆಸೇಜ್. ಅದರಲ್ಲಿ ಯಾವ ಮಹಡಿ, ಎಷ್ಟು ಹೊತ್ತಿಗೆ, ಎಷ್ಟು ಸ್ಲೋ ಅನ್ನೋದು ಹತ್ತರಲ್ಲೂ ಇರಲಿಲ್ಲ. ಇಂಜಿನಿಯರಿಂಗ್ ಓದುತ್ತಿರೋ ಆರುನೂರು ಜನರ ಕಟ್ಟಡದಿಂದ ಅಂಕಿಯೇ ಇಲ್ಲದ ದೂರು ಹೊರಟಿತು ಅನ್ನೋದು ನನಗೆ ನೆಟ್ ಸ್ಲೋ ಆಗಿದ್ದಕ್ಕಿಂತ ಜಾಸ್ತಿ ಬೇಜಾರಾಯಿತು.

ಬೀಟಾ ಅನ್ನೋದೇ ಕೆಟ್ಟದ್ದಲ್ಲ, ಅದನ್ನು ಮೊದಲು ಹೇಳಿಬಿಡ್ತೀನಿ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ 54ಜಿ ರೂಟರ್‌ನೊಳಗೆ ಲಿನಕ್ಸ್ ಇದೆ ಅಂತ ಜನ ಪತ್ತೆ ಹಚ್ಚಿ, ಜಿಪಿಎಲ್ ಲೈಸೆನ್ಸ್ ಪ್ರಕಾರ 2003ರಲ್ಲಿ ಅದರ ಸೋರ್ಸ್ ಕೋಡ್ ಹೊರಗೆ ಬಂತು. ಮರುವರ್ಷ ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಇವತ್ತಿಗೂ ಅದರ ಪ್ರತಿ ಸ್ಥಿರ ಆವೃತ್ತಿಯ ಮುಂಚೆ ರಿಲೀಸ್ ಕ್ಯಾಂಡಿಡೇಟ್‌ಗಳು ಬರುತ್ತವೆ. ಯಾರೋ ತಮ್ಮ ಮನೆಯ ರೂಟರಿಗೆ ಹಾಕಿಕೊಂಡು, ಕೆಟ್ಟಿದ್ದನ್ನು ಬರೆದು ಕಳಿಸುತ್ತಾರೆ. ಅವರಿಲ್ಲದಿದ್ದರೆ ಸ್ಥಿರ ಆವೃತ್ತಿ ಸ್ಥಿರ ಆಗೋದೇ ಇಲ್ಲ. ಆದರೆ ಅವರು ತಾವಾಗಿ ಒಪ್ಪಿಕೊಂಡವರು. ಹಳೆಯದಕ್ಕೆ ವಾಪಸ್ ಹೋಗೋದು ಹೇಗೆ ಅಂತ ಅವರಿಗೆ ಗೊತ್ತು. ಬೆಳಿಗ್ಗೆ ಒಂಬತ್ತಕ್ಕೆ ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಟೆಸ್ಟ್ ಇಟ್ಟುಕೊಂಡು ರೂಮಲ್ಲಿ ಕೂತಿರೋ ಫೈನಲ್ ಇಯರ್ ಹುಡುಗ ಯಾವುದಕ್ಕೂ ಒಪ್ಪಿಲ್ಲ. ತಾನು ಟೆಸ್ಟರ್ ಅಂತಲೇ ಅವನಿಗೆ ಗೊತ್ತಿಲ್ಲ.

ಈಗ ಸ್ಲೋ ಅನ್ನೋ ಪದಕ್ಕೆ ಬರೋಣ. ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊರಗಿನ ಸರ್ವರ್‌ವರೆಗೆ ಮೂರು ದಾರಿಗಳಿವೆ: ರೂಮಿನಿಂದ ತಟ್ಟೆಯವರೆಗೆ ಗಾಳಿ, ತಟ್ಟೆಯಿಂದ ಸ್ವಿಚ್‌ವರೆಗೆ ತಂತಿ, ಅಲ್ಲಿಂದ ಆಚೆಗೆ ಕಾಲೇಜು ಕೊಂಡಿರೋ ಇಂಟರ್‌ನೆಟ್. ನಾವೆಲ್ಲ ಒತ್ತೋ ಸ್ಪೀಡ್ ಟೆಸ್ಟ್ ಈ ಮೂರನ್ನೂ ಒಟ್ಟಿಗೆ ಅಳೆದು ಒಂದೇ ಅಂಕಿ ಕೊಡುತ್ತೆ. ಜ್ವರ ಇದೆ ಅಂತ ಹೇಳುತ್ತೆ, ಎಲ್ಲಿ ಸೋಂಕು ಅಂತ ಹೇಳಲ್ಲ. ರಾತ್ರಿ ಹತ್ತು ಗಂಟೆಗೆ ಇಡೀ ಕ್ಯಾಂಪಸ್ ಕ್ರಿಕೆಟ್ ನೋಡ್ತಿದ್ದರೆ ಮೂರನೇ ದಾರಿ ತುಂಬಿರುತ್ತೆ. ಅದಕ್ಕೂ ಫರ್ಮ್‌ವೇರಿಗೂ ಸಂಬಂಧ ಇಲ್ಲ.

ಬಿಡಿಸಿ ನೋಡೋಕೆ ಐಪರ್ಫ್ ಸಾಕು, ಉಚಿತ ಪ್ರೋಗ್ರಾಂ. ಸ್ಟಡಿ ರೂಮಿನ ಲ್ಯಾನ್ ಪೋರ್ಟಿಗೆ ಒಂದು ಲ್ಯಾಪ್‌ಟಾಪ್ ಚುಚ್ಚಿ ಅದನ್ನು ಸರ್ವರ್ ಮಾಡಿ. ಇನ್ನೊಂದನ್ನು ತಟ್ಟೆಯ ಕೆಳಗೆ ಇಟ್ಟು ವೈ-ಫೈ ಮೇಲೆ ಅದರ ಜೊತೆ ಮಾತಾಡಿಸಿ. ಹೊರಗಿನ ಇಂಟರ್‌ನೆಟ್ ಲೆಕ್ಕದಿಂದ ಹೊರಗೆ ಹೋಯಿತು. ಜೊತೆಗೆ ವಿಂಡೋಸ್‌ನ ವೈ-ಫೈ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ ಬರೆದುಕೊಳ್ಳಿ. ಅದು ಗಾಳಿಯಲ್ಲಿ ಒಪ್ಪಂದವಾದ ವೇಗ. ಕೈಗೆ ಸಿಗೋದು ಅದರ ಅರವತ್ತು-ಎಪ್ಪತ್ತು ಶೇಕಡಾ ಆದರೆ ಚೆನ್ನಾಗಿದೆ ಅಂತ ಅರ್ಥ. ವೈ-ಫೈನಲ್ಲಿ ಒಬ್ಬ ಮಾತಾಡುವಾಗ ಅದೇ ಚಾನೆಲ್‌ನ ಉಳಿದವರು ಸುಮ್ಮನಿರಬೇಕು, ಆಮೇಲೆ ತಲುಪಿತು ಅಂತ ಉತ್ತರ ಬರಬೇಕು. ಉಳಿದ ಸಮಯ ಅದಕ್ಕೇ ಹೋಗುತ್ತೆ.

ನಾವು ನಾಲ್ಕು ಜನ ಮೂರನೇ ಮಹಡಿಯಲ್ಲಿ ಇದನ್ನು ಮಾಡಿದಾಗ ಲಿಂಕ್ ಸ್ಪೀಡ್ 1201 ಎಂಬಿಪಿಎಸ್ ತೋರಿಸಿತು. ಐಪರ್ಫ್ ಮಾತ್ರ 94. ಇನ್ನೊಮ್ಮೆ ಓಡಿಸಿದೆವು, 94. ಲ್ಯಾಪ್‌ಟಾಪ್ ಬದಲಾಯಿಸಿದೆವು, ಮತ್ತೆ 94. ವೈ-ಫೈ ಇಷ್ಟು ಶಿಸ್ತಾಗಿ ಇರೋದೇ ಇಲ್ಲ, ಅದು ಸದಾ ಏರಿಳಿಯುತ್ತೆ. 94 ಅನ್ನೋದು 100 ಎಂಬಿಪಿಎಸ್ ಈಥರ್‌ನೆಟ್ ತಂತಿಯ ಸಹಿ. ಲೆಕ್ಕ ಬೇಕಾದರೆ: ತಂತಿ ಮೇಲೆ ಒಂದು ಪೂರ್ತಿ ಫ್ರೇಮ್ 1538 ಬೈಟ್ ಜಾಗ ತಿನ್ನುತ್ತೆ, ಅದರಲ್ಲಿ ನಿಮ್ಮ ಡೇಟಾ 1448. ಭಾಗಿಸಿ ನೋಡಿ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಕೊನೆಯ ಕ್ರಿಂಪ್‌ನಲ್ಲಿ ಒಂದು ಪಿನ್ ಸಡಿಲ ಇತ್ತು, ಹಾಗಾಗಿ ಸ್ವಿಚ್ ಮತ್ತು ತಟ್ಟೆ ಎರಡೂ ಮಾತಾಡಿಕೊಂಡು 100ಕ್ಕೆ ಇಳಿದಿದ್ದವು. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಣ್ಣ ಬಂದು ಹೊಸ ಕನೆಕ್ಟರ್ ಕ್ರಿಂಪ್ ಮಾಡಿಕೊಟ್ಟರು. ಐದು ನಿಮಿಷದ ಕೆಲಸ. ಆಮೇಲೆ 700ರ ಆಸುಪಾಸು ಬಂತು.

‘ಆದ್ರೆ ಬೀಟಾ ಹಾಕಿದ ದಿನವೇ ತಾನೆ ಸ್ಲೋ ಆಗಿದ್ದು?’ ಅಂತ ಗ್ರೂಪಲ್ಲಿ ಪ್ರಶ್ನೆ ಬಂತು. ಹೌದು. ಫರ್ಮ್‌ವೇರ್ ಹಾಕಿದರೆ ತಟ್ಟೆ ರೀಬೂಟ್ ಆಗುತ್ತೆ. ರೀಬೂಟ್ ಆದಾಗ ತಂತಿಯ ವೇಗ ಹೊಸದಾಗಿ ಒಪ್ಪಂದ ಆಗುತ್ತೆ. ಅಲ್ಲಿಯವರೆಗೆ ಹೇಗೋ ಎಳೆದುಕೊಂಡು ಬಂದಿದ್ದ ಸಡಿಲ ಪಿನ್ ಅವತ್ತು ಕೈಕೊಟ್ಟಿತು. ಹಳೆಯ ಫರ್ಮ್‌ವೇರನ್ನೇ ರೀಬೂಟ್ ಮಾಡಿದ್ದರೂ ಇದೇ ಆಗುತ್ತಿತ್ತು.

ಎರಡನೇ ಮಹಡಿಯ ಕಥೆ ಬೇರೆ. ಅಲ್ಲಿ ತಪ್ಪು ಬೀಟಾದ್ದೇ. ತಂತಿ ಸರಿ ಇತ್ತು, ಆದರೆ ತಟ್ಟೆಯ ಕೆಳಗೇ ನಿಂತರೂ ಲಿಂಕ್ ಸ್ಪೀಡ್ 287 ದಾಟುತ್ತಿರಲಿಲ್ಲ. ಇದೂ ಗುರುತು ಸಿಗೋ ಅಂಕಿ. ವೈ-ಫೈ 6ರಲ್ಲಿ ಎರಡು ಆಂಟೆನಾದ ಲ್ಯಾಪ್‌ಟಾಪಿಗೆ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಟ್ಟರೆ ಗರಿಷ್ಠ 1201, 20 ಮೆಗಾಹರ್ಟ್ಸ್ ಕೊಟ್ಟರೆ ಗರಿಷ್ಠ 286.8. ಕಂಟ್ರೋಲರ್ ಪರದೆಯಲ್ಲಿ 80 ಅಂತಲೇ ಇತ್ತು. ಫೋನಿನ ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿದರೆ ಗಾಳಿಯಲ್ಲಿ ಇದ್ದಿದ್ದು 20. ನೆಟ್‌ವರ್ಕ್ ರೂಮಿನವರು ಅದೊಂದಕ್ಕೆ ಹಳೆಯ ಸ್ಥಿರ ಆವೃತ್ತಿ ಹಾಕಿದರು: 1201. ನಾವು ಬೇಡಿಕೊಂಡಿದ್ದಕ್ಕೆ ಮತ್ತೆ ಬೀಟಾ ಹಾಕಿದರು: 287. ಮತ್ತೆ ಹಳೆಯದು: 1201. ಒಂದನ್ನೇ ಬದಲಾಯಿಸಿ, ಹಿಂದೆ-ಮುಂದೆ ಮಾಡಿ, ಪ್ರತಿ ಸಲ ಅದೇ ಉತ್ತರ ಬಂದರೆ ಆಗ ‘ಫರ್ಮ್‌ವೇರ್ ತಪ್ಪು’ ಅಂತ ಧೈರ್ಯವಾಗಿ ಹೇಳಬಹುದು. ಈ ಮೂರು ಸಾಲು ಕಂಪನಿಗೆ ಹೋಯಿತು. ಮುನ್ನೂರು ಮೆಸೇಜ್ ಹೋಗಲಿಲ್ಲ.

(ಹಾಗಂತ 20 ಮೆಗಾಹರ್ಟ್ಸ್ ಅಂದರೆ ಕೆಟ್ಟದ್ದು ಅಂತಲ್ಲ. ಹತ್ತಿರ ಹತ್ತಿರ ತಟ್ಟೆಗಳಿರೋ ಹಾಸ್ಟೆಲ್‌ನಲ್ಲಿ ಎಲ್ಲವನ್ನೂ 80ಕ್ಕೆ ಬಿಡೋದು ದುರಾಸೆ. ಒಂದರ ಚಾನೆಲ್ ಮೇಲೆ ಇನ್ನೊಂದು ಕೂರುತ್ತೆ. ಆದರೆ ಅದನ್ನು ಆರಿಸಬೇಕಾದ್ದು ಮನುಷ್ಯ, ಬಗ್ ಅಲ್ಲ.)

ಇನ್ನು ನಮ್ಮದೇ ಪಾಲು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಇಷ್ಟೇ. ಅದರಲ್ಲಿ ಕಾಲೇಜಿನ ತಟ್ಟೆಗಳು, ಮಧ್ಯೆ ನಮ್ಮ ಹಾಟ್‌ಸ್ಪಾಟ್‌ಗಳು, ಬ್ಯಾಗಲ್ಲಿ ಮುಚ್ಚಿಟ್ಟುಕೊಂಡು ಬಂದ ರೂಟರ್‌ಗಳು. ಯಾರೂ ಕನೆಕ್ಟ್ ಆಗದಿದ್ದರೂ ಪ್ರತಿಯೊಂದೂ ‘ನಾನಿದ್ದೀನಿ’ ಅಂತ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಕೂಗುತ್ತೆ. ಆ ಕೂಗಿಗೆ ಬೀಕನ್ ಅಂತ ಹೆಸರು. ಅದು 300 ಬೈಟ್ ಇದೆ, 1 ಎಂಬಿಪಿಎಸ್‌ನಲ್ಲಿ ಕೂಗುತ್ತೆ ಅಂತ ಇಟ್ಟುಕೊಳ್ಳಿ: 2.4 ಮಿಲಿಸೆಕೆಂಡ್. ಅಂದರೆ ಒಂದೊಂದು ಹೆಸರೂ ಗಾಳಿಯ ಸಮಯದಲ್ಲಿ ಎರಡು ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ ನುಂಗಿತು. ಒಂದೇ ಚಾನೆಲ್‌ನಲ್ಲಿ ಇಂಥ ಹದಿನೈದು ಹೆಸರು ಕಾಣಿಸಿದರೆ ಮೂರನೇ ಒಂದು ಭಾಗ ಸಮಯ ಬರೀ ಕೂಗಾಟಕ್ಕೆ ಹೋಯಿತು. ನನ್ನ ಫೋನಿನಲ್ಲಿ ನಮ್ಮ ಕಾರಿಡಾರಿನ ಪಟ್ಟಿ ನೋಡಿದರೆ ‘ಥೋರ್’, ‘ಫ್ರೀ ಇಲ್ಲ ಹೋಗೋ’, ‘ಅಜ್ಜಿ ಮನೆ’ ಅಂತ ಸಾಲಾಗಿ ಬರುತ್ತೆ. ಕನ್ನಡ ಸಂಘದವನಾಗಿ ಹೆಸರುಗಳು ಇಷ್ಟವಾದವು. ಆದರೂ ಬೇಡದ ಹೊತ್ತಲ್ಲಿ ಆರಿಸ್ರಪ್ಪಾ.

ಇನ್ನೊಂದು ವಿಷಯ ನಿಮ್ಮ ನೆಟ್‌ವರ್ಕ್ಸ್ ಸಿಲಬಸ್‌ನಲ್ಲಿ ಇರೋದು ಅನುಮಾನ. ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲೇ ತೋರಿಸಿದ್ದರು: ಒಂದು ಆಕ್ಸೆಸ್ ಪಾಯಿಂಟಿಗೆ ಸೇರಿದವರಲ್ಲಿ ಒಬ್ಬ ದೂರದಲ್ಲಿ ಕೂತು 1 ಎಂಬಿಪಿಎಸ್‌ನಲ್ಲಿ ಎಳೆಯುತ್ತಿದ್ದರೆ, 11ರಲ್ಲಿ ಓಡಬೇಕಾದ ಉಳಿದವರೂ ಹೆಚ್ಚುಕಡಿಮೆ ಅವನ ಮಟ್ಟಕ್ಕೇ ಇಳಿಯುತ್ತಾರೆ. ಎಲ್ಲರಿಗೂ ಸಮನಾಗಿ ಸರದಿ ಸಿಗುತ್ತೆ, ಆದರೆ ನಿಧಾನದವನ ಸರದಿ ಉದ್ದ. ಒಂದೇ ನಲ್ಲಿಯಲ್ಲಿ ಎಲ್ಲರೂ ಒಂದೊಂದು ಪಾತ್ರೆ ಹಿಡಿಯೋ ಹಾಗೆ, ಒಬ್ಬ ಮಾತ್ರ ಡ್ರಮ್ ತಂದಿದ್ದಾನೆ. ಸರದಿಯ ಎಣಿಕೆ ಬಿಟ್ಟು ಗಾಳಿಯ ಸಮಯವನ್ನೇ ಸಮನಾಗಿ ಹಂಚೋದು ಇದಕ್ಕೆ ಪರಿಹಾರ; ಲಿನಕ್ಸ್‌ನಲ್ಲಿ ಅದನ್ನು ಮಾಡಿ ತೋರಿಸಿದ ಪ್ರಬಂಧ ಬಂದಿದ್ದು 2017ರಲ್ಲಿ. ಇಂಥ ಸುಧಾರಣೆ ನಮ್ಮ ಸೀಲಿಂಗಿಗೆ ಬರಬೇಕಾದರೆ ಎಲ್ಲೋ ಒಂದು ಕಡೆ ಪರೀಕ್ಷೆಯ ಆವೃತ್ತಿಯಾಗಿ ಓಡಿಯೇ ಬರಬೇಕು. ಅದಕ್ಕೇ ‘ಬೀಟಾ ಬೇಡವೇ ಬೇಡ’ ಅನ್ನೋ ಸಹಿ ಸಂಗ್ರಹಕ್ಕೆ ನಾನು ಸಹಿ ಹಾಕಲಿಲ್ಲ.

ಭದ್ರತೆಯ ಮಾತೂ ಇದೆ. 2017ರಲ್ಲಿ ಡಬ್ಲ್ಯುಪಿಎ 2ರಲ್ಲಿ ಕ್ರ್ಯಾಕ್ ಅನ್ನೋ ದೋಷ ಹೊರಬಿದ್ದಾಗ ಜಗತ್ತಿನ ರೂಟರು, ಫೋನುಗಳಿಗೆಲ್ಲ ತೇಪೆ ಹಾಕಬೇಕಾಯಿತು. ಅಂಥ ಹೊತ್ತಲ್ಲಿ ತೇಪೆ ಬೀಟಾದಲ್ಲಿ ಮಾತ್ರ ಇದ್ದರೆ ಸ್ಥಿರ ಆವೃತ್ತಿಗೆ ಕಾಯೋದೇ ಅಪಾಯ. ನಮ್ಮಲ್ಲಿ ಹಾಕಿದ್ದು ಅದಕ್ಕಲ್ಲ.

ಹಾಗಾಗಿ ನೆಟ್‌ವರ್ಕ್ ರೂಮಿನವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಬೀಟಾ ಹಾಕಿ ಸಾರ್, ಆದರೆ ಮಹಡಿಗೆ ಒಂದು ತಟ್ಟೆಗೆ, ಸ್ಟಡಿ ರೂಮ್ ಬಿಟ್ಟು. ಹಾಕೋ ಹಿಂದಿನ ವಾರ ಬೆಳಿಗ್ಗೆ-ರಾತ್ರಿ ಅಳೆದು ಬರೆದಿಡಿ, ಹೋಲಿಸೋಕೆ ಏನಾದರೂ ಇರಲಿ. ಪ್ಲೇಸ್‌ಮೆಂಟ್ ತಿಂಗಳುಗಳಲ್ಲಿ, ಇಂಟರ್ನಲ್ಸ್ ವಾರದಲ್ಲಿ ಮುಟ್ಟಲೇಬೇಡಿ. ಮುಖ್ಯವಾಗಿ, ಯಾವ ತಟ್ಟೆಯಲ್ಲಿ ಯಾವ ಆವೃತ್ತಿ ಯಾವ ದಿನದಿಂದ ಇದೆ ಅಂತ ಒಂದು ಎ4 ಹಾಳೆ ಕಾರಿಡಾರಿನಲ್ಲಿ ಅಂಟಿಸಿ. ನೀರಿನ ಟ್ಯಾಂಕ್ ತೊಳೆದ ದಿನಾಂಕ ಬರೆಯಲ್ವಾ, ಹಾಗೆ.

‘ಫೀಸ್ ಕಟ್ಟಿದ್ದೀವಿ, ಅಳೆಯೋ ಕೆಲಸ ನಮ್ಮದಾ?’ ಅಂತ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಅವರ ಕೆಲಸವೇ. ಆದರೆ ನೆಟ್‌ವರ್ಕ್ ರೂಮ್ ಸಂಜೆ ಐದಕ್ಕೆ ಬಾಗಿಲು ಹಾಕುತ್ತೆ, ನಮ್ಮ ಸಮಸ್ಯೆ ರಾತ್ರಿ ಹತ್ತಕ್ಕೆ ಶುರುವಾಗುತ್ತೆ. ಆ ಹೊತ್ತಲ್ಲಿ ತಟ್ಟೆಯ ಕೆಳಗೆ ಇರೋರು ನಾವು ಮಾತ್ರ. ಒಂದು ವಾರ ಬರೀ ‘ಸ್ಲೋ’ ಅಂದಿದ್ದಕ್ಕೆ ‘ನೋಡ್ತೀವಿ’ ಅಂದವರು, 94 ಅನ್ನೋ ಅಂಕಿ ಕೊಟ್ಟ ದಿನ ಮಧ್ಯಾಹ್ನವೇ ಏಣಿ ತಂದರು.

ಮೆಸ್ ಬಾಗಿಲ ಪಕ್ಕ ಒಂದು ನೋಟ್‌ಬುಕ್ ದಾರ ಕಟ್ಟಿ ನೇತುಹಾಕಿದ್ದೀವಿ. ಕಾಲಂಗಳು: ಮಹಡಿ, ರೂಮು, ಸಮಯ, 2.4 ಅಥವಾ 5, ಸಿಗ್ನಲ್ ಎಷ್ಟು ಡಿಬಿಎಂ, ಲಿಂಕ್ ಸ್ಪೀಡ್, ಐಪರ್ಫ್, ಹೊರಗಿನ ಸ್ಪೀಡ್ ಟೆಸ್ಟ್. ಸಿಗ್ನಲ್ ಮೈನಸ್ 75ಕ್ಕಿಂತ ಕೆಳಗಿದ್ದರೆ ಅದನ್ನೂ ಹಾಗೇ ಬರೀರಿ, ಅದು ತಟ್ಟೆ ದೂರ ಇದೆ ಅನ್ನೋ ಬೇರೆಯೇ ದೂರು. ಐಪರ್ಫ್ ಸರ್ವರ್ ದಿನಾ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಸ್ಟಡಿ ರೂಮಲ್ಲಿ ಓಡ್ತಿರುತ್ತೆ, ವಿಳಾಸ ನೋಟ್‌ಬುಕ್ಕಿನ ರಟ್ಟಿನ ಮೇಲಿದೆ. ನೆಲಮಹಡಿಯವರು ಇನ್ನೂ ಒಂದು ಸಾಲೂ ಬರೆದಿಲ್ಲ. ಪೆನ್ನು ಈಗಾಗಲೇ ಎರಡು ಸಲ ಕಳುವಾಗಿದೆ, ನಿಮ್ಮದೇ ತನ್ನಿ.