ಕೆಜಿಎಫ್ ಗಣಿಗೆ ರೀಲ್ಸ್ ಮಾಡಲು ಹೊರಟವರೇ, ಸ್ವಲ್ಪ ನಿಲ್ಲಿ

ಕಲ್ಯಾಣ ನಗರದ ಒಂದು ರೂಮಿನಲ್ಲಿ ನಾವು ಐದು ಜನ ಇದ್ದೇವೆ. ಎಲ್ಲರೂ ಹಳ್ಳಿಯವರೇ. ಮೊನ್ನೆ ಒಬ್ಬ ಗೆಳೆಯ ಮೊಬೈಲ್ ಹಿಡಿದುಕೊಂಡು ಬಂದ. ನಾಲ್ಕು ಹುಡುಗರು ಟಾರ್ಚ್ ಹಾಕಿಕೊಂಡು ಕೋಲಾರ ಚಿನ್ನದ ಗಣಿಯ ಹಳೇ ಬಾಯಿಯ ಮುಂದೆ ನಿಂತ ವಿಡಿಯೊ. ಹಿಂದೆ ಸಿನಿಮಾದ ಮ್ಯೂಸಿಕ್. "ಲೋ, ಇಲ್ಲಿಂದ ನೂರು ಕಿಲೋಮೀಟರ್ ಒಳಗೇ ಐತೆ, ಶನಿವಾರ ಹೋಗಿ ಬರೋಣ" ಅಂದ. ಹೋದೆವು. ಹೋದ ರೀತಿ ತಪ್ಪು ಅಂತ ಈಗ ಹೇಳುತ್ತಿದ್ದೇವೆ. ಬುದ್ಧಿ ಹೇಳುವವರ ಸಾಲಿನಲ್ಲಿ ನಾವೂ ತಪ್ಪು ಮಾಡಿದವರೇ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಬೆಳಿಗ್ಗೆ ಕೆ.ಆರ್. ಪುರಂ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯ ರೈಲಿಗೆ ಕಾಯುತ್ತಿದ್ದಾಗ ಎದುರು ದಿಕ್ಕಿನ ರೈಲು ಬಂತು. ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ನೇತಾಡುತ್ತಾ ಬಂದವರು ಇಳಿದರು. ಟಿಫಿನ್ ಬ್ಯಾಗು, ಸೆಕ್ಯೂರಿಟಿ ಡ್ರೆಸ್ಸು, ಹೌಸ್‌ಕೀಪಿಂಗ್ ಹೆಂಗಸರು, ಕಾಲೇಜು ಮಕ್ಕಳು. ಇವರೆಲ್ಲ ಕೆಜಿಎಫ್ ಕಡೆಯಿಂದ ದಿನಾ ಬೆಂಗಳೂರಿಗೆ ಬಂದು ಹೋಗುವವರು. ನಮ್ಮ ರೈಲು ಮಾತ್ರ ಖಾಲಿ. ಕಿಟಕಿ ಪಕ್ಕದ ಸೀಟಿಗೆ ಜಗಳವೇ ಇಲ್ಲ. ಆಗ ನಮಗೆ ಏನೂ ಅನ್ನಿಸಲಿಲ್ಲ. ಅವರು ಕೆಲಸ ಹುಡುಕಿಕೊಂಡು ಬರುವ ಹೊತ್ತಿಗೆ ನಾವು ಅವರ ಊರಿಗೆ "ಪಾಳು ಜಾಗ" ನೋಡಲು ಹೊರಟಿದ್ದೆವು.

ಈ ಊರು ಎಂಥದ್ದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ದೊಡ್ಡ ಮಟ್ಟದಲ್ಲಿ ಗಣಿ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಈ ಗಣಿಗೆ. ಬೆಂಗಳೂರಿಗೆ ಲೈಟು ಬಂದಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿಯಿತು. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿ ದಾಟಿ ಸುಡುತ್ತದೆ. ಬಂಡೆ ಇದ್ದಕ್ಕಿದ್ದಂತೆ ಸಿಡಿದು ಆಳುಗಳು ಸಾಯುತ್ತಿದ್ದರು. ಸಿಡಿತದಿಂದ ತಪ್ಪಿಸಿಕೊಂಡವರ ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಕೂತು ಸಿಲಿಕೋಸಿಸ್ ಬರುತ್ತಿತ್ತು. ಕೆಳಗಿಳಿದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು. 1930ರಲ್ಲಿ ಬೆರಳಚ್ಚು ಕೊಡಲೇಬೇಕು ಅಂತ ಕಂಪನಿ ಹೇಳಿದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಬೀದಿಗಿಳಿದಿದ್ದೂ ಇವರೇ. ಆಮೇಲೆ ಗಣಿ ಸರ್ಕಾರದ್ದಾಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ನೀರೆತ್ತುವ ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು.

ನಾವು ಬೇಲಿ ಹರಿದಿದ್ದ ಒಂದು ಕಡೆ ನುಗ್ಗಿ ಹಳೇ ಶಾಫ್ಟಿನ ಹತ್ತಿರ ಹೋಗಿದ್ದೆವು. ಒಬ್ಬ ಆಗಲೇ ಕಲ್ಲು ಎಸೆದು, ಕೆಳಗೆ ಮುಟ್ಟಿದ ಸದ್ದು ಕೇಳಿಸುತ್ತಾ ಅಂತ ಎಣಿಸುತ್ತಿದ್ದ. ಹಿಂದಿನಿಂದ ದನಿ ಬಂತು: "ಏನು ತಂಬಿ, ನಿಮ್ಮೋರು ಯಾರಾದ್ರೂ ಒಳಗಿದಾರಾ? ಹುಡುಕ್ತಾ ಇದೀರಾ?"

ಪಂಚೆ ಉಟ್ಟ ತಾತ. ಸುರಂಗದ ಮಾಡು ಕುಸಿಯದಂತೆ ಮರದ ದಿಮ್ಮಿ ಕೊಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದವರಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೈನ್ ಮನೆಗೆ ಕರೆದುಕೊಂಡು ಹೋಗಿ ಟೀ ಕೊಟ್ಟರು. ಆ ಮನೆ ನಮ್ಮ ಕಲ್ಯಾಣ ನಗರದ ರೂಮಿಗಿಂತ ಚಿಕ್ಕದು, ಅದರಲ್ಲೇ ನಾಲ್ಕು ಮಕ್ಕಳು ಬೆಳೆದಿದ್ದಾರೆ. ಒಬ್ಬ ಮಗ ನಮ್ಮ ಏರಿಯಾದ ಪಕ್ಕದಲ್ಲೇ, ಕಮ್ಮನಹಳ್ಳಿಯಲ್ಲಿ ವಾಚ್‌ಮನ್. ಬೆಳಿಗ್ಗೆ ಆ ಎದುರಿನ ರೈಲಿನಲ್ಲೇ ಬಂದಿರಬೇಕು.

"ಒಳಗೆ ಗಾಳಿ ಇರಲ್ಲಪ್ಪ. ನಿಮ್ಮೂರಲ್ಲಿ ಹಳೇ ಬಾವಿ ಇಲ್ವಾ?" ಅಂದರು. ಇದೆ. ಪಾಳು ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡು, ದೀಪ ಆರಿದರೆ ನೀನೂ ಆರಿದಂತೆ ಅಂತ ನಮ್ಮ ಅಜ್ಜಂದಿರು ಹೇಳಿಲ್ಲವೇ? ಗಣಿಯೂ ಹಾಗೆಯೇ. ಕೊಳೆತ ಮರ, ನಿಂತ ನೀರು, ಗಾಳಿಗೆ ತೆರೆದ ಅದಿರು ಎಲ್ಲವೂ ಆಮ್ಲಜನಕ ತಿನ್ನುತ್ತವೆ. ಭಾರದ ಗಾಳಿ ತಗ್ಗಿನಲ್ಲಿ ಕೂರುತ್ತದೆ, ವಾಸನೆಯೇ ಬರುವುದಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಮಾರಿಕುಪ್ಪಂ ಬಳಿ ಹಳೇ ಶಾಫ್ಟಿಗೆ ಇಳಿದ ಮೂವರು ಸತ್ತರು. ಕಳ್ಳತನಕ್ಕೆ ಇಳಿದಿದ್ದರು ಅಂತ ಸುದ್ದಿಯಾಯಿತು. ಕಳ್ಳರಾದರೇನು, ಸಾಯಲಿ ಅಂತ ಕೆಲವರು ಕಾಮೆಂಟ್ ಹಾಕಿದ್ದನ್ನು ನಾವೇ ಓದಿದ್ದೇವೆ. ಹಾಗೆ ಬರೆದವರನ್ನು ಕೇಳುತ್ತೇವೆ: ಆ ಬಾಯಿ ಸರಿಯಾಗಿ ಮುಚ್ಚಿದ್ದರೆ ಅವರು ಇಳಿಯುತ್ತಿದ್ದರಾ?

ನಮ್ಮ ಜಗಳ ಇರುವುದು ಇಲ್ಲೇ. ಹಳ್ಳಿಯಲ್ಲಿ ಸಾಲ ಮಾಡಿ ಬೋರ್ ಹಾಕಿಸಿ, ನೀರು ಬಾರದೆ ಕೈಸುಟ್ಟುಕೊಂಡ ರೈತ ಆ ತೂತನ್ನು ಮುಚ್ಚದಿದ್ದರೆ ಕೇಸು. ಇರಲಿ, ಸರಿಯೇ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಎತ್ತುವ ತನಕ ರಾಜ್ಯವೇ ಟಿವಿ ಮುಂದೆ ಕೂತಿತ್ತು. ಆ ವರ್ಷದ ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚದವರಿಗೆ ಒಂದು ವರ್ಷದ ತನಕ ಜೈಲು, 25 ಸಾವಿರ ರೂಪಾಯಿ ದಂಡ ಅಂದರು. ಒಂದು ಗೇಣಿನ ತೂತಿಗೆ ಇಷ್ಟು. ಲಾರಿ ಬೀಳುವಷ್ಟು ಅಗಲದ, ಕಿಲೋಮೀಟರುಗಟ್ಟಲೆ ಆಳದ ತೂತಿಗೆ ಯಾರು ಜೈಲಿಗೆ ಹೋಗಬೇಕು? ಗಣಿ ಬಿಟ್ಟು ಹೋಗುವಾಗ ಶಾಫ್ಟಿನ ಬಾಯಿ ತುಂಬಬೇಕು, ಇಲ್ಲವೇ ಗಟ್ಟಿ ಆವರಣ ಕಟ್ಟಬೇಕು ಅಂತ 1961ರಿಂದಲೇ ಲೋಹದ ಗಣಿಗಳ ನಿಯಮ ಇದೆ. ರೈತನಿಗೆ ಕಾನೂನು ಗಟ್ಟಿ ಕಬ್ಬಿಣ, ಸರ್ಕಾರಕ್ಕೆ ಮಾತ್ರ ರಬ್ಬರ್ರು.

ಇನ್ನು ಸೈನೈಡ್ ಗುಡ್ಡಗಳು. ಸಿನಿಮಾದಲ್ಲಿ ನೋಡಿ ಶಿಳ್ಳೆ ಹೊಡೆದದ್ದು ಇದನ್ನೇ. ಅದಿರನ್ನು ಹಿಟ್ಟಿನಂತೆ ಅರೆದು ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದು ಮಣ್ಣು. ನೂರು ವರ್ಷದ್ದು, 13 ಗುಡ್ಡ. ಬೇಸಿಗೆ ಗಾಳಿಗೆ ಈ ಪುಡಿ ಎದ್ದು ಅನ್ನದ ತಟ್ಟೆಗೆ ಬೀಳುತ್ತದೆ ಅಂತ ತಾತ ಹೇಳಿದರು. ನಮ್ಮವನೊಬ್ಬ ಅದರ ಮೇಲಿಂದ ಜಾರುಬಂಡೆಯಂತೆ ಜಾರಿ ವಿಡಿಯೊ ಮಾಡಿಸಿಕೊಂಡಿದ್ದ. ಸಂಜೆ ತನಕ ಕೆಮ್ಮಿದ. ನಾವು ಒಂದು ದಿನ ಕೆಮ್ಮಿ ರೈಲು ಹತ್ತಿದೆವು, ಅಲ್ಲಿನ ಮಕ್ಕಳು ಎಲ್ಲಿಗೆ ಹೋಗಬೇಕು?

2024ರ ಜೂನ್‌ನಲ್ಲಿ ಈ 13 ಗುಡ್ಡಗಳ ಸಾವಿರದ ಚಿಲ್ಲರೆ ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡದಲ್ಲಿ ಎಷ್ಟು ಚಿನ್ನ ಉಳಿದಿದೆ ಅನ್ನುವ ಲೆಕ್ಕ ಪೇಪರಿನಲ್ಲಿ ಬಂತು. ಗುಡ್ಡ ಕೆದಕಿದಾಗ ಏಳುವ ಧೂಳು ಯಾರ ಎದೆಗೆ ಎಷ್ಟು ಹೋಗುತ್ತದೆ ಅನ್ನುವ ಲೆಕ್ಕವನ್ನು ಮೊದಲು ಆ ಲೈನ್‌ಗಳ ಜನರ ಮುಂದೆ, ಅವರ ಭಾಷೆಯಲ್ಲಿ ಇಡಬೇಕು. ಕೆಲಸ ಬಂದರೆ ಮೊದಲು ಆ ರೈಲಿನಲ್ಲಿ ನೇತಾಡುವವರಿಗೆ ಕೊಡಬೇಕು. ಇದರಲ್ಲಿ ಕನ್ನಡದವರು, ತಮಿಳಿನವರು ಅಂತ ಎಣಿಸುವವರಿದ್ದಾರೆ. ಚಿನ್ನ ತೆಗೆಯುವಾಗ ಕೇಳದ ಭಾಷೆಯನ್ನು ಈಗ ಯಾಕೆ ಕೇಳುತ್ತೀರಿ ಸ್ವಾಮಿ?

"ಟೂರಿಸಂ ಬಂದರೆ ಊರಿಗೆ ನಾಲ್ಕು ಕಾಸು ಬರುತ್ತದಲ್ಲ, ನೀವ್ಯಾಕೆ ಅಡ್ಡ ಬರ್ತೀರಿ" ಅಂತ ರೂಮಿನಲ್ಲೇ ಒಬ್ಬ ವಾದ ಮಾಡಿದ. ಬರಲಿ. ಒಂದು ಶಾಫ್ಟನ್ನು ಭದ್ರ ಮಾಡಿ, ಟಿಕೆಟ್ ಇಟ್ಟು, ಗಣಿಯಲ್ಲಿ ದುಡಿದವರನ್ನೇ ಗೈಡ್ ಮಾಡಿ, ಅವರ ಬಾಯಲ್ಲೇ ಕಥೆ ಹೇಳಿಸಿ. ನಾವೇ ಮೊದಲು ಟಿಕೆಟ್ ತಗೊಳ್ಳುತ್ತೇವೆ. ಹರಿದ ಬೇಲಿ ದಾಟಿ, ಜೀವ ಹೋದ ಜಾಗದಲ್ಲಿ ಸಿನಿಮಾ ಮ್ಯೂಸಿಕ್ ಹಾಕಿಕೊಂಡು ಕುಣಿದರೆ ಊರಿಗೆ ಒಂದು ಟೀ ಕಾಸೂ ಸಿಗುವುದಿಲ್ಲ. ನಾವು ಕುಡಿದ ಟೀಗೂ ತಾತ ದುಡ್ಡು ತಗೊಳ್ಳಲಿಲ್ಲ.

ಇದು ಕೆಜಿಎಫ್ ಒಂದರದ್ದೇ ಕಥೆಯಲ್ಲ. ನಿಮ್ಮೂರಿನ ಪಕ್ಕ ಕಲ್ಲು ತೆಗೆದು ಬಿಟ್ಟ ಕ್ವಾರಿ ಇದೆಯೇ? ಮಳೆಗಾಲದಲ್ಲಿ ನೀರು ತುಂಬಿ ಹುಡುಗರು ಈಜಲು ಹೋಗುತ್ತಾರಾ? ಬೇಲಿ ಇದೆಯಾ? ಸರ್ವೆ ನಂಬರ್ ಸಮೇತ ಪಂಚಾಯಿತಿಗೂ ತಹಶೀಲ್ದಾರರಿಗೂ ಗಣಿ ಇಲಾಖೆಗೂ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಅರ್ಜಿಯ ಫೋಟೊ, ಹಳ್ಳದ ಫೋಟೊ ನಮಗೂ ಕಳಿಸಿ. ಫೋಟೊ ತೆಗೆಯುವಾಗ ಅಂಚಿನಿಂದ ದೂರ ನಿಲ್ಲಿ.